ಅಂಗಡಿ ಚೀನೀಯರದ್ದು, ಆರೈಕೆ ರೊಮೇನಿಯದವರದ್ದು: ಯಾಕೆ ಹೀಗೆ?

ಓದುಗರ ಪತ್ರ: ಮಗಳು ಮಿಲಾನಿನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಿಕೊಂಡು ಬರಲು ಹೋಗಿದ್ದೆವು. ಮೂಲೆಯ ಕಾಫಿ ಬಾರು, ಕ್ಷೌರದಂಗಡಿ, ಅಗ್ಗದ ಬಟ್ಟೆ ಮಳಿಗೆ, ಎಲ್ಲಿ ನೋಡಿದರೂ ಗಲ್ಲಾದಲ್ಲಿ ಚೀನೀಯರು. ಪಾರ್ಕಿನಲ್ಲಿ ವಯಸ್ಸಾದವರ ಗಾಲಿಕುರ್ಚಿ ತಳ್ಳುವವರು, ಕಟ್ಟಡಗಳಲ್ಲಿ ಗಾರೆ ಕೆಲಸದವರು ಬಹುಪಾಲು ರೊಮೇನಿಯದವರು ಎಂದು ಮಗಳು ಹೇಳಿದಳು. ರೊಮೇನಿಯದವರು ಯುರೋಪಿನವರೇ, ಭಾಷೆಯೂ ಇಟಾಲಿಯನ್ನಿಗೆ ಹತ್ತಿರವಂತೆ. ಆದರೂ ಚೀನೀಯರೇ ಮುಂದಿದ್ದಾರಲ್ಲ! ವ್ಯಾಪಾರ ಅವರ ರಕ್ತದಲ್ಲೇ ಇದೆಯೇ? ನಮ್ಮವರು ಅಲ್ಲಿ ಯಾವ ಸಾಲಿನಲ್ಲಿದ್ದಾರೆ? – ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ನಿಮ್ಮ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ. ಆದರೆ ಗಲ್ಲಾದಲ್ಲಿ ಕೂತವರು ಬೀದಿಗೆ ಕಾಣುತ್ತಾರೆ, ಊರಾಚೆಯ ಶೆಡ್ಡಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರು ಕಾಣುವುದಿಲ್ಲ. ಆ ಕಾಣದವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಿಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ.

ಮೊದಲು ಪ್ರಮಾಣ ತಿಳಿದಿರಲಿ. ಇಟಲಿಯಲ್ಲಿ ಸುಮಾರು 50 ಲಕ್ಷ ವಿದೇಶಿ ಪ್ರಜೆಗಳಿದ್ದಾರೆ. ಅವರಲ್ಲಿ ಐದರಲ್ಲೊಂದು ಪಾಲು, ಅಂದರೆ 10 ಲಕ್ಷಕ್ಕೂ ಹೆಚ್ಚು ಮಂದಿ, ರೊಮೇನಿಯದವರು. ಚೀನೀಯರು 3 ಲಕ್ಷದ ಆಸುಪಾಸು. ಹೀಗಿದ್ದೂ ಸ್ವಂತ ಹೆಸರಿನಲ್ಲಿ ವ್ಯವಹಾರ ನೋಂದಾಯಿಸಿದವರ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ದುಡಿಯುವ ಚೀನೀಯರಲ್ಲಿ ಅರ್ಧದ ಹತ್ತಿರ ಜನ ಸ್ವಂತ ಉದ್ಯೋಗದವರು. ರೊಮೇನಿಯದವರಲ್ಲಿ ಬಹುಪಾಲು ಸಂಬಳಕ್ಕೆ ದುಡಿಯುವವರು. ಅವರ ಹೆಸರಿನಲ್ಲಿರುವ ‘ಕಂಪನಿ’ಗಳಲ್ಲೂ ಎಷ್ಟೋ ಒಬ್ಬನೇ ಮೇಸ್ತ್ರಿಯವು. ಕಂಟ್ರಾಕ್ಟರು ಪಿಂಚಣಿ, ವಿಮೆಯ ಪಾಲು ಕಟ್ಟುವುದನ್ನು ತಪ್ಪಿಸಿಕೊಳ್ಳಲು ತನ್ನ ಕೂಲಿಯವನಿಗೇ ತೆರಿಗೆ ನಂಬರು ಮಾಡಿಸಿ ‘ಉದ್ಯಮಿ’ ಅನ್ನಿಸಿರುತ್ತಾನೆ.

ಈಗ ರಕ್ತದ ಮಾತು. ಇಟಲಿಯ ಚೀನೀಯರು ಚೀನಾದ ಎಲ್ಲ ಮೂಲೆಗಳಿಂದ ಬಂದವರಲ್ಲ. ಅವರಲ್ಲಿ ಬಹುಪಾಲು ಜನರ ಬೇರು ಜೆಜಿಯಾಂಗ್ ಪ್ರಾಂತ್ಯದ ದಕ್ಷಿಣದ ವೆನ್‌ಝೌ, ಚಿಂಗ್‌ಟಿಯಾನ್ ಸೀಮೆಯಲ್ಲಿದೆ. ಅದು ಬೆಟ್ಟ ಮತ್ತು ಕಡಲಿನ ನಡುವೆ ಉಳುವ ನೆಲ ಕಡಿಮೆಯಿರುವ ನಾಡು. ಅಲ್ಲಿಂದ ಹೊರಟ ಮೊದಲಿಗರು 1920-30ರ ದಶಕದಲ್ಲೇ ಮಿಲಾನಿಗೆ ಬಂದು ರೇಷ್ಮೆ ಟೈ, ತೊಗಲಿನ ಸಾಮಾನು ಮಾಡಿ ಮಾರಿದರು. ನಗರದ ಪಾವೊಲೊ ಸಾರ್ಪಿ ಬೀದಿಯ ಚೀನಾ ಪೇಟೆ ಅವರಿಂದ ಶುರುವಾದದ್ದು. 1978ರ ನಂತರ ಚೀನಾ ಆರ್ಥಿಕತೆಯ ಬಾಗಿಲು ತೆರೆದಾಗ ವೆನ್‌ಝೌ ಮನೆಮನೆಯ ಸಣ್ಣ ಕಾರ್ಖಾನೆಗಳಿಗೆ ಹೆಸರಾಯಿತು. ಬ್ಯಾಂಕು ಸಾಲ ಕೊಡದ ಆ ಕಾರ್ಖಾನೆಗಳಿಗೆ ಬಂಡವಾಳ ಸಿಕ್ಕಿದ್ದು ನೆಂಟರ ಕೈಸಾಲದಿಂದ ಮತ್ತು ‘ಹುಯಿ’ ಅನ್ನುವ ಚೀಟಿ ವ್ಯವಹಾರದಿಂದ. ಹೀಗೆ ಕಲಿತ ಜನ ಇಟಲಿಗೆ ಬರುವಾಗ ಯಂತ್ರ ತರಲಿಲ್ಲ, ಸಾಲ ಎತ್ತುವ ಈ ಪದ್ಧತಿಯನ್ನು ತಂದರು. ಮದುವೆಯಲ್ಲಿ ಕೆಂಪು ಲಕೋಟೆಯಲ್ಲಿ ಬರುವ ಹಣ ನಮ್ಮ ಮುಯ್ಯಿಯ ಹಾಗೆಯೇ. ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಹಿಂದಿರುಗಿಸಬೇಕು. ವ್ಯತ್ಯಾಸವೆಂದರೆ ಅಲ್ಲಿ ಆ ಮೊತ್ತ ಹೊಸ ಜೋಡಿಯ ಮೊದಲ ಅಂಗಡಿಯ ಬಂಡವಾಳವೇ ಆಗಿಬಿಡಬಹುದು.

ರಕ್ತದ ವಾದ ಮುರಿದುಬೀಳುವುದು ಇಲ್ಲಿ: 1990ರ ದಶಕದ ಕೊನೆಯಲ್ಲಿ ಚೀನಾದ ಈಶಾನ್ಯ ಭಾಗದ ಸರ್ಕಾರಿ ಕಾರ್ಖಾನೆಗಳು ಲಕ್ಷಾಂತರ ಜನರನ್ನು ಮನೆಗೆ ಕಳಿಸಿದವು. ಹಾಗೆ ಕೆಲಸ ಕಳೆದುಕೊಂಡ ಕೆಲವರು ಇಟಲಿಗೂ ಬಂದರು. ಅವರೂ ಚೀನೀಯರೇ. ಆದರೆ ವೆನ್‌ಝೌನ ನೆಂಟಸ್ತಿಕೆಯಾಗಲಿ ಚೀಟಿಯಾಗಲಿ ಅವರಿಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ವೆನ್‌ಝೌ ಮಾಲೀಕರ ಕೈಕೆಳಗೆ ಕೂಲಿಗಳಾದರು. ಹೆಂಗಸರು ಆ ಮಾಲೀಕರ ಮನೆಯಲ್ಲಿ ಅಡುಗೆ ಮಾಡುತ್ತ, ಮಕ್ಕಳನ್ನು ನೋಡಿಕೊಳ್ಳುತ್ತ ಉಳಿದರು. ಒಂದೇ ದೇಶ, ಒಂದೇ ಪಾಸ್‌ಪೋರ್ಟು, ಆದರೂ ಗಲ್ಲಾದ ಹತ್ತಿರ ಸುಳಿಯಲಾಗಲಿಲ್ಲ.

ಕಾನೂನಿನ ಕೈವಾಡವೂ ಸಣ್ಣದಲ್ಲ. 1985ರಲ್ಲಿ ಇಟಲಿ ಮತ್ತು ಚೀನಾ ಬಂಡವಾಳ ಹೂಡಿಕೆಯ ಒಪ್ಪಂದ ಮಾಡಿಕೊಂಡವು. ದೊಡ್ಡ ಕಂಪನಿಗಳಿಗೆಂದು ಬರೆದ ಆ ಕಾಗದ ಬೇರೆ ಎಷ್ಟೋ ದೇಶದ ವಲಸಿಗರಿಗೆ ಇಲ್ಲದ ಅನುಕೂಲವನ್ನು ಚೀನೀಯರಿಗೆ ಒದಗಿಸಿತು: ಸ್ವಂತ ಹೆಸರಿನಲ್ಲಿ ವ್ಯವಹಾರ ತೆರೆಯಬಹುದು. ಯುರೋಪಿಯನ್ ಒಕ್ಕೂಟದ ಹೊರಗಿನವರು ಇಟಲಿಯಲ್ಲಿ ಉಳಿಯಬೇಕಾದರೆ ಕೆಲಸವಾಗಲಿ ಆದಾಯವಾಗಲಿ ತೋರಿಸಬೇಕು. ಇನ್ನೊಬ್ಬನ ಕೆಲಸವನ್ನೇ ನಂಬಿದವನ ವಾಸದ ಪರ್ಮಿಟ್ಟು ಮಾಲೀಕನ ಮರ್ಜಿಯಲ್ಲಿರುತ್ತದೆ. ಸ್ವಂತ ಅಂಗಡಿಯಿದ್ದವನಿಗೆ ಆ ಭಯ ಕಡಿಮೆ.

ರೊಮೇನಿಯದವರು ಬಂದ ದಾರಿ ಬೇರೆ. 1989ರ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಆಡಳಿತ ಉರುಳಿದ ಮೇಲೆ ಗಣಿ, ಉಕ್ಕಿನ ಕಾರ್ಖಾನೆ, ಸಾಮೂಹಿಕ ಹೊಲಗಳು ಒಂದೊಂದಾಗಿ ಕುಸಿದವು. 2002ರ ಜನವರಿಯಿಂದ ಷೆಂಗೆನ್ ದೇಶಗಳಿಗೆ, ಅಂದರೆ ತಮ್ಮೊಳಗೆ ಗಡಿ ತಪಾಸಣೆ ತೆಗೆದುಹಾಕಿದ ಇಟಲಿಯಂಥ ಯುರೋಪಿನ ದೇಶಗಳಿಗೆ, ಹೋಗಲು ವೀಸಾ ಬೇಡವಾಯಿತು. ಜನ ಪ್ರವಾಸಿಗರಾಗಿ ಬಸ್ಸು ಹತ್ತಿದರು, ಇಳಿದ ಮೇಲೆ ಕೆಲಸಗಾರರಾದರು. ಅದೇ ವರ್ಷ ಇಟಲಿ ಕಾಗದಪತ್ರವಿಲ್ಲದ 6 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸಕ್ರಮಗೊಳಿಸಿದಾಗ ಅತಿ ದೊಡ್ಡ ಗುಂಪು ರೊಮೇನಿಯದವರದ್ದೇ. 2007ರ ಜನವರಿ 1ರಂದು ರೊಮೇನಿಯ ಯುರೋಪಿಯನ್ ಒಕ್ಕೂಟ ಸೇರಿತು. ಆದರೂ ಇಟಲಿ 2011ರ ಕೊನೆಯವರೆಗೆ ಅವರ ಉದ್ಯೋಗಕ್ಕೆ ನಿರ್ಬಂಧ ಇಟ್ಟುಕೊಂಡಿತ್ತು. ಆ ನಿರ್ಬಂಧದಿಂದ ಬಿಟ್ಟ ಕ್ಷೇತ್ರಗಳಲ್ಲಿ ಕಟ್ಟಡ, ಹೊಲ, ಹೋಟೆಲು, ಮನೆಗೆಲಸ ಎಲ್ಲ ಇದ್ದವು. ತನಗೆ ಎಲ್ಲಿ ಆಳು ಬೇಕೋ ಅಲ್ಲಿ ಬಾಗಿಲು ತೆರೆದಿಟ್ಟು ಉಳಿದ ಕಡೆ ಅಗುಳಿ ಹಾಕಿತು. ಇಪ್ಪತ್ತು ವರ್ಷದ ಮೇಲೂ ಅವರು ಅದೇ ಕೆಲಸಗಳಲ್ಲಿ ಕಾಣಿಸಿಕೊಂಡರೆ ಅದಕ್ಕೆ ಅವರ ಸ್ವಭಾವವನ್ನು ದೂರಬೇಕೇ?

ಗಾಲಿಕುರ್ಚಿಯ ವಿಷಯಕ್ಕೆ ಬರೋಣ. ಇಟಲಿ ಮುದುಕರ ದೇಶ. ಅವರನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ತಾನೇ ಕಟ್ಟುವ ಬದಲು ಸರ್ಕಾರ ಹಣ ಕೊಡುವ ದಾರಿ ಹಿಡಿಯಿತು. ಎದ್ದು ಓಡಾಡಲಾಗದವರಿಗೆ, ಆದಾಯ ಎಷ್ಟೇ ಇರಲಿ, ತಿಂಗಳಿಗೆ 500 ಯೂರೋ ದಾಟುವ ಭತ್ಯೆಯಿದೆ. ಮನೆಯವರು ಅದಕ್ಕೆ ಪಿಂಚಣಿಯ ದುಡ್ಡು ಸೇರಿಸಿ ಮನೆಯಲ್ಲೇ ಇರುವ ಹೆಂಗಸೊಬ್ಬಳನ್ನು ಇಟ್ಟುಕೊಳ್ಳುತ್ತಾರೆ. ಆಕೆಯನ್ನು ಅಲ್ಲಿ ‘ಬದಾಂತೆ’ ಎನ್ನುತ್ತಾರೆ. ನೋಂದಾಯಿತ ಮನೆಗೆಲಸದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ವಿದೇಶೀಯರು, ಅವರಲ್ಲಿ ಮೊದಲ ಸ್ಥಾನ ರೊಮೇನಿಯದವರಿಗೆ. ಮನೆಯಲ್ಲೇ ಉಳಿದು ಆರೈಕೆ ಮಾಡುವವಳಿಗೆ ಒಪ್ಪಂದದ ಪ್ರಕಾರ ವಾರಕ್ಕೆ 54 ಗಂಟೆಯವರೆಗೆ ಕೆಲಸ, ಊಟ, ವಸತಿ ಮತ್ತು ತಿಂಗಳಿಗೆ ಸಾವಿರ ಯೂರೋ ಆಸುಪಾಸು ಕನಿಷ್ಠ ಸಂಬಳ. ಕಾಗದದ ಮೇಲೆ ಇದು ಪರವಾಗಿಲ್ಲ. ಆದರೆ ರಾತ್ರಿ ಮೂರು ಸಲ ಏಳುವುದು ಯಾವ ಗಂಟೆಯ ಲೆಕ್ಕಕ್ಕೂ ಬರುವುದಿಲ್ಲ, ಅಜ್ಜಿ ತೀರಿಕೊಂಡ ವಾರವೇ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ವರ್ಷಾನುಗಟ್ಟಲೆ ಹೀಗೆ ದುಡಿದು ಊರಿಗೆ ಮರಳಿದ ಹೆಂಗಸರ ಖಿನ್ನತೆಗೆ ಮನೋವೈದ್ಯರು ‘ಇಟಲಿ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ವೈದ್ಯಕೀಯ ಪಟ್ಟಿಯಲ್ಲಿಲ್ಲದ ಈ ರೋಗ ರೊಮೇನಿಯದ ಯಾಶಿ ನಗರದ ಆಸ್ಪತ್ರೆಯವರಿಗೆ ಚೆನ್ನಾಗಿ ಪರಿಚಿತ.

ಹಾಗಾದರೆ ಚೀನೀಯರು ಸುಖವಾಗಿದ್ದಾರೆಯೇ? ಫ್ಲಾರೆನ್ಸ್ ಪಕ್ಕದ ಪ್ರಾತೊ ಪಟ್ಟಣವನ್ನು ನೋಡಿ. ಚಿಂದಿ ಉಣ್ಣೆಯನ್ನು ಬಿಡಿಸಿ ಹೊಸ ನೂಲು ತೆಗೆದು ನೇಯುವುದರಲ್ಲಿ ನೂರಾರು ವರ್ಷದ ಹೆಸರು ಆ ಊರಿಗಿದೆ. 1990ರ ದಶಕದ ಆರಂಭದಲ್ಲಿ ಚೀನೀಯರು ಅಲ್ಲಿ ಇಟಾಲಿಯನ್ ಮಾಲೀಕರಿಗೆ ಉಪಗುತ್ತಿಗೆಯಲ್ಲಿ ಬಟ್ಟೆ ಹೊಲಿದುಕೊಡತೊಡಗಿದರು. ಆಮೇಲೆ ಚೀನಾದಿಂದ ಬಟ್ಟೆ ತರಿಸಿ, ಪ್ರಾತೊದಲ್ಲೇ ಕತ್ತರಿಸಿ ಹೊಲಿದು, ‘ಮೇಡ್ ಇನ್ ಇಟಲಿ’ ಚೀಟಿ ಅಂಟಿಸಿ, ಯುರೋಪಿನ ಉದ್ದಗಲದಿಂದ ಬರುವ ವ್ಯಾನುಗಳಿಗೆ ದಿನಗಳಲ್ಲೇ ಮಾಲು ತುಂಬಿಕೊಡುವ ‘ಪ್ರೊಂತೊ ಮೋದಾ’ ವ್ಯವಹಾರದ ಒಡೆಯರೇ ಆದರು. ಅದೇ ಹೊತ್ತಿಗೆ ಊರಿನ ಹಳೆಯ ನೇಯ್ಗೆ ಮಿಲ್ಲುಗಳು ಮುಳುಗುತ್ತಿದ್ದವು. ಹೊರಗಿನಿಂದ ಬರುವ ಜವಳಿಗೆ ಮಿತಿ ಹಾಕುತ್ತಿದ್ದ ಕೋಟಾ ಪದ್ಧತಿ 2005ರ ಜನವರಿಯಲ್ಲಿ ಮುಗಿದದ್ದು ಕೊನೆಯ ಏಟು. ಮಿಲ್ಲು ಮುಚ್ಚಿದ ಇಟಾಲಿಯನ್ನರು ಅದೇ ಶೆಡ್ಡುಗಳನ್ನು ಚೀನೀಯರಿಗೆ ಬಾಡಿಗೆಗೆ ಕೊಟ್ಟು ಜೀವನ ನಡೆಸಿದರು. ‘ನಮ್ಮ ಊರು ಕಿತ್ತುಕೊಂಡರು’ ಎಂದು ಗೊಣಗಿದವರಲ್ಲಿ ಬಾಡಿಗೆ ಎಣಿಸಿಕೊಳ್ಳುವವರೂ ಇದ್ದರು, ಇರಲಿ.

ಆ ಶೆಡ್ಡುಗಳ ಒಳಗಿದ್ದದ್ದು ಪೀಸ್ ಲೆಕ್ಕದ ಕೂಲಿ, ಪ್ರಯಾಣಕ್ಕೆ ಮಾಡಿದ ಸಾವಿರಾರು ಯೂರೋ ಸಾಲ, ಮಲಗಲು ಯಂತ್ರಗಳ ಪಕ್ಕದಲ್ಲೇ ಹಲಗೆ ಕಟ್ಟಿದ ಗೂಡುಗಳು. 2013ರ ಡಿಸೆಂಬರ್ 1ರಂದು ಮುಂಜಾನೆ ಅಂಥ ಒಂದು ಕಾರ್ಖಾನೆಗೆ ಬೆಂಕಿ ಬಿದ್ದು ಏಳು ಕಾರ್ಮಿಕರು ಸತ್ತರು. ಕಿಟಕಿಗೆ ಸರಳು ಹಾಕಿತ್ತು. ತಪಾಸಣೆ ಬಿಗಿಯಾಯಿತು, ನಿಜ. ಆದರೆ ಎರಡು ಮೂರು ವರ್ಷ ನಡೆಸಿ, ತೆರಿಗೆಯವರು ಬರುವ ಮೊದಲೇ ಮುಚ್ಚಿ, ಇನ್ನೊಬ್ಬನ ಹೆಸರಿನಲ್ಲಿ ಅದೇ ಜಾಗದಲ್ಲಿ ತೆರೆಯುವ ಚಾಳಿ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿ ಚೀನೀ ಮಾಲೀಕರ ಕೈಕೆಳಗೆ ಪಾಕಿಸ್ತಾನದಿಂದ ಬಂದವರು ದುಡಿಯುತ್ತಾರೆ. ದಿನಕ್ಕೆ 8 ಗಂಟೆ, ವಾರಕ್ಕೆ 5 ದಿನ ಕೆಲಸ ಬೇಕೆಂದು ಗೇಟಿನ ಮುಂದೆ ಮುಷ್ಕರ ಕೂರುವವರು ಅವರೇ.

ಆದ್ದರಿಂದ ‘ಚೀನೀಯರು ಮುಂದೆ’ ಅನ್ನುವಾಗ ನಾವು ಮಾಲೀಕನನ್ನು ಎಣಿಸುತ್ತಿದ್ದೇವೆಯೇ, ಹೊಲಿಯುವವನನ್ನೇ ಎಂದು ಕೇಳಿಕೊಳ್ಳಬೇಕು. ಚೀನೀ ಸಮುದಾಯದೊಳಗಿನ ಅಂತರ ರೊಮೇನಿಯದವರೊಳಗಿನ ಅಂತರಕ್ಕಿಂತ ಬಹಳ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ರೊಮೇನಿಯದ ಬಡಗಿಯೂ ಗಾರೆಯವನೂ ಹೆಚ್ಚು ಏರುವುದಿಲ್ಲ, ಆದರೆ ಪಾಸ್‌ಪೋರ್ಟಿನಿಂದಾಗಿ ತೀರಾ ಕೆಳಕ್ಕೂ ಬೀಳುವುದಿಲ್ಲ: ಇಟಲಿಯಲ್ಲಿ ಕೂಲಿ ಇಳಿದರೆ ಜರ್ಮನಿಗೆ ಹೋಗಬಹುದು, ಊರಿಗೂ ಮರಳಬಹುದು. ಇದಕ್ಕೆ ಅಪವಾದ ಹೊಲದ ಕೆಲಸ. ಸಿಸಿಲಿಯ ರಗೂಸಾ ಸುತ್ತಲಿನ ಪ್ಲಾಸ್ಟಿಕ್ ಹಸಿರುಮನೆಗಳಲ್ಲಿ ಟೊಮೆಟೊ ಬಿಡಿಸುವ ರೊಮೇನಿಯದ ಹೆಂಗಸರ ಸ್ಥಿತಿಯ ಬಗ್ಗೆ ಬಂದಿರುವ ವರದಿಗಳನ್ನು ಓದಿದರೆ ಒಕ್ಕೂಟದ ಪೌರತ್ವ ಅಲ್ಲಿಗೆ ತಲುಪಿಲ್ಲವೇನೋ ಅನ್ನಿಸುತ್ತದೆ.

ಊರಿಗೆ ಕಳಿಸುವ ಹಣ ನೋಡಿ ಯಾರು ಸಿರಿವಂತರೆಂದು ಅಳೆಯುವವರೂ ಇದ್ದಾರೆ. ಅದು ಮೋಸದ ಅಳತೆ. ಇಟಲಿಯಿಂದ ಚೀನಾಕ್ಕೆ ಅಧಿಕೃತವಾಗಿ ಹೋದ ಹಣ 2012ರಲ್ಲಿ 250 ಕೋಟಿ ಯೂರೋ ದಾಟಿತ್ತು. 2018ರ ಹೊತ್ತಿಗೆ ಅದು ಕೆಲವೇ ಕೋಟಿಗೆ ಇಳಿಯಿತು. ಅಷ್ಟರಲ್ಲಿ ಚೀನೀಯರೇನೂ ಬಡವರಾಗಲಿಲ್ಲ. ಹಣ ಕಳಿಸುವ ಏಜೆನ್ಸಿಗಳ ಮೇಲೆ ತನಿಖೆ ಬಿದ್ದದ್ದೇ ತಡ ದುಡ್ಡು ಕಣ್ಣಿಗೆ ಕಾಣದ ಹಾದಿ ಹಿಡಿಯಿತು, ಒಂದಿಷ್ಟು ಇಟಲಿಯಲ್ಲೇ ಅಂಗಡಿ, ಮನೆಗಳಿಗೆ ಹೋಯಿತು. ನೀವು ನೋಡಿದ ಕಾಫಿ ಬಾರುಗಳು ಆ ಕಾಲದವು. ವಯಸ್ಸಾದ ಇಟಾಲಿಯನ್ ಮಾಲೀಕರ ಮಕ್ಕಳಿಗೆ ಬೆಳಗಿನ ಜಾವ ಐದಕ್ಕೆ ಬಾಗಿಲು ತೆರೆಯುವ ಆಸೆಯಿರಲಿಲ್ಲ. ಚೀನೀ ಗಂಡ ಹೆಂಡತಿ ಕೊಂಡುಕೊಂಡು, ಕಾಫಿ ಮಾಡುವುದನ್ನು ಕಲಿತು, ಅದೇ ಹಳೆಯ ಗಿರಾಕಿಗಳಿಗೆ ಅದೇ ರುಚಿಯಲ್ಲಿ ಕೊಟ್ಟರು. ಇಬ್ಬರ ದುಡಿಮೆಗೂ ಸಂಬಳ ಬರೆಯಬೇಕಿಲ್ಲದ ಕಡೆ ಲಾಭ ಉಳಿಯುತ್ತದೆ.

ಎರಡೂ ಸಮುದಾಯಗಳು ಒಂದೇ ಥರ ತೆತ್ತ ಬೆಲೆಯೂ ಇದೆ, ಯಾವ ಅಂಕಿ ಪಟ್ಟಿಯಲ್ಲೂ ಅದು ಸರಿಯಾಗಿ ಕಾಣುವುದಿಲ್ಲ. ಪ್ರಾತೊದಲ್ಲಿ ಹುಟ್ಟಿದ ಎಷ್ಟೋ ಕೂಸುಗಳನ್ನು ಜೆಜಿಯಾಂಗಿನ ಅಜ್ಜ ಅಜ್ಜಿಯರ ಹತ್ತಿರ ಕಳಿಸಿ, ಶಾಲೆಗೆ ಸೇರುವ ವಯಸ್ಸಿಗೆ ವಾಪಸು ಕರೆಸಿಕೊಂಡರು. ರೊಮೇನಿಯದಲ್ಲಿ ತಾಯಂದಿರೇ ಹೊರಟುಹೋದರು, ಮಕ್ಕಳು ಅಜ್ಜಿಯರ ಮಡಿಲಲ್ಲಿ ಉಳಿದರು. 1992ರ ಜನಗಣತಿಯಲ್ಲಿ 2 ಕೋಟಿ 28 ಲಕ್ಷವಿದ್ದ ಆ ದೇಶದ ಜನಸಂಖ್ಯೆ 2021ರಲ್ಲಿ 1 ಕೋಟಿ 90 ಲಕ್ಷದಷ್ಟಕ್ಕೆ ಇಳಿದಿದೆ.

ಮುಂದೇನು ಎಂದರೆ, ಪೌರತ್ವದ ನಿಯಮ ಇನ್ನೂ ಎರಡು ದಿಕ್ಕಿಗೆ ಎಳೆಯುತ್ತದೆ. ಒಕ್ಕೂಟದವರಿಗೆ 4 ವರ್ಷದ ವಾಸ ಸಾಕು, ಹೊರಗಿನವರಿಗೆ 10 ವರ್ಷ ಬೇಕು. ಅದನ್ನು 5ಕ್ಕೆ ಇಳಿಸಲು 2025ರ ಜೂನ್‌ನಲ್ಲಿ ನಡೆದ ಜನಮತಗಣನೆ ಬೇಕಾದಷ್ಟು ಮತದಾರರು ಬಾರದೆ ಬಿದ್ದುಹೋಯಿತು. ಚೀನಾ ಇಬ್ಬಗೆಯ ಪೌರತ್ವ ಒಪ್ಪದ ಕಾರಣ ಅರ್ಹತೆಯಿದ್ದ ಚೀನೀಯರೂ ಅರ್ಜಿ ಹಾಕಲು ಹಿಂಜರಿಯುತ್ತಾರೆ. ಇತ್ತ ರೊಮೇನಿಯದಲ್ಲೇ ಕೂಲಿ ಏರುತ್ತಿದೆ, ಇಟಲಿಗೆ ಹೊಸದಾಗಿ ಬರುವವರು ಕಡಿಮೆಯಾಗುತ್ತಿದ್ದಾರೆ.

ಕೊನೆಯ ಪ್ರಶ್ನೆ, ನಮ್ಮವರದ್ದು. ಇಟಲಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ, ಅವರಲ್ಲಿ ಪಂಜಾಬಿಗಳದ್ದು ದೊಡ್ಡ ಪಾಲು. ಅವರಿಗೆ ರೊಮೇನಿಯದ ಪಾಸ್‌ಪೋರ್ಟೂ ಇಲ್ಲ, ವೆನ್‌ಝೌನ ಚೀಟಿಯೂ ಇಲ್ಲ. ಉತ್ತರದ ಪೊ ನದಿ ಬಯಲಿನಲ್ಲಿ ಚೀಸ್‌ಗೆ ಹಾಲು ಕೊಡುವ ಕೊಟ್ಟಿಗೆಗಳನ್ನು ನೋಡಿಕೊಳ್ಳುವವರು ಒಂದು ನೆಲೆ ಕಂಡುಕೊಂಡಿದ್ದಾರೆ. ದನಕ್ಕೆ ರಜೆಯಿಲ್ಲ, ಹಾಗಾಗಿ ವರ್ಷಪೂರ್ತಿ ಸಂಬಳ, ಕೊಟ್ಟಿಗೆಯ ಹತ್ತಿರವೇ ಮನೆ. ರೋಮಿನ ದಕ್ಷಿಣದ ಲಾತಿನಾ ಸೀಮೆಯ ತರಕಾರಿ ಹೊಲಗಳಲ್ಲಿ ದಿನಗೂಲಿ ಮಾಡುವವರ ಕಥೆ ಬೇರೆ. 2024ರ ಜೂನ್‌ನಲ್ಲಿ ಅಲ್ಲಿ ಯಂತ್ರಕ್ಕೆ ಸಿಕ್ಕು ತೋಳು ತುಂಡಾದ ಪಂಜಾಬಿ ಯುವಕನೊಬ್ಬನನ್ನು ಆಸ್ಪತ್ರೆಗೆ ಒಯ್ಯದೆ ಅವನ ವಾಸದ ಮನೆ ಮುಂದೆ ಇಳಿಸಿ ಹೋದರು. ಆತ ಎರಡು ದಿನದ ಮೇಲೆ ತೀರಿಕೊಂಡ. ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟು ಸೀಸನ್ ವೀಸಾದಲ್ಲಿ ಹೋಗುವವರು ನಿಮ್ಮ ಪರಿಚಯದಲ್ಲಿದ್ದರೆ ಇದನ್ನು ಓದಿ ಹೇಳಿ.

ನಿಮ್ಮ ಮಗಳಿಗೆ ಈ ಯಾವ ಸಾಲೂ ಅನ್ವಯಿಸುವುದಿಲ್ಲ. ಅಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 12 ತಿಂಗಳವರೆಗೆ ಉಳಿಯುವ ಪರ್ಮಿಟ್ಟು ಪಡೆಯುವ ಅವಕಾಶವಿದೆ. ವಿದ್ಯಾರ್ಥಿ ಪರ್ಮಿಟ್ಟು ಮುಗಿಯುವ ಮೊದಲೇ ಅದಕ್ಕೆ ಅರ್ಜಿ ಹಾಕಲು ಹೇಳಿ.