ಚಿಕ್ಕ ಫ್ಲಾಟು, ದೊಡ್ಡ ಸೋಫಾ: ನೀವು ಕೇಳಿದ್ದು, ನಾವು ಹೇಳಿದ್ದು

ಚಿಕ್ಕ ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು "ಏನು ತಗೊಳ್ಳಲಿ" ಅಂತಲೇ ಕೇಳಿವೆ. ಏನು ಬಿಡಲಿ ಅಂತ ಕೇಳಿದವರು ಕಡಿಮೆ. ಇರಲಿ, ಉತ್ತರ ಕೊಡುವಾಗ ಅದನ್ನೂ ಸೇರಿಸಿದ್ದೇನೆ.

ಪ್ರಶ್ನೆ: ಮದುವೆಯಾಗಿ ಸ್ವಲ್ಪ ದಿನ ಆಯಿತು. ಕೆಂಗೇರಿ ಕಡೆ ಸಿಂಗಲ್ ಬೆಡ್‌ರೂಮ್ ಫ್ಲಾಟ್ ಕೊಂಡಿದ್ದೇವೆ. ಕಾಗದದಲ್ಲಿ 620 ಚದರಡಿ ಅಂತಿದೆ, ಒಳಗೆ ಹೋದರೆ ಅಷ್ಟು ಕಾಣಿಸುವುದೇ ಇಲ್ಲ. ಹಾಲ್ 10 ಅಡಿಗೆ 14, ರೂಮು 10ಕ್ಕೆ 10. ಎಲ್ ಆಕಾರದ ಸೋಫಾ, ನಾಲ್ಕು ಜನರ ಡೈನಿಂಗ್ ಟೇಬಲ್, ದೊಡ್ಡ ಟಿವಿ ಯೂನಿಟ್, ಕಿಂಗ್ ಸೈಜ್ ಮಂಚ ಎಲ್ಲಾ ಬೇಕು ಅನ್ನೋದು ನಮ್ಮ ಯಜಮಾನರ ಆಸೆ. ಹಿಡಿಸುತ್ತಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಹಿಡಿಸುತ್ತೆ, ನೀವಿಬ್ಬರೂ ಹೊರಗೆ ನಿಂತರೆ.

ಮೊದಲು ಆ 620ರ ವಿಷಯ. ಅದು ಸೂಪರ್ ಬಿಲ್ಟ್ ಅಪ್ ಲೆಕ್ಕ ಇರಬೇಕು. ಲಿಫ್ಟು, ಮೆಟ್ಟಿಲು, ಕಾರಿಡಾರಿನಲ್ಲಿ ನಿಮ್ಮ ಪಾಲೂ ಅದರಲ್ಲಿ ಸೇರಿರುತ್ತದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಕಾರ್ಪೆಟ್ ಏರಿಯಾ ಅಂತ ಹೇಳುವುದು ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ನೀವು ಬಳಸುವ ಜಾಗವನ್ನು. ನಿಮ್ಮ ಮಾರಾಟದ ಕರಾರಿನಲ್ಲಿ ಆ ಅಂಕಿ ಇರುತ್ತದೆ, ಹುಡುಕಿ ನೋಡಿ. ಮನೆಗೆ ಸಾಮಾನು ತರುವಾಗ ಲೆಕ್ಕಕ್ಕೆ ಬರುವುದು ಅದೊಂದೇ.

ಈಗ ಹಾಲ್. ಎಲ್ ಸೋಫಾ ಅಂದರೆ ಒಂದು ಕಡೆ ಏಳೆಂಟು ಅಡಿ, ಇನ್ನೊಂದು ಕಡೆ ಐದರ ಮೇಲೆ, ಕೂರುವ ಆಳವೇ 3 ಅಡಿ. ಎದುರು ಟಿವಿ ಯೂನಿಟ್ಟಿಗೆ ಒಂದೂವರೆ ಅಡಿ ಕೊಟ್ಟರೆ 10 ಅಡಿಯಲ್ಲಿ ಉಳಿದದ್ದು ಐದೂವರೆ. ಎಲ್‌ನ ಕಾಲು ಚಾಚಿರುವ ಕಡೆ ಅದೂ ಇಲ್ಲ. ಜೊತೆಗೆ ಟೀಪಾಯಿ ಬೇಕು ಅಂತೀರಿ, ಬಾಲ್ಕನಿಗೆ ಹೋಗುವ ದಾರಿ ಬೇಕು, ಬಟ್ಟೆ ಒಣಹಾಕೋಕೆ ಬಕೆಟ್ ಹಿಡ್ಕೊಂಡು ಓಡಾಡುವ ದಾರಿ ಅದು. ಮನುಷ್ಯ ಮೈ ಸೊಟ್ಟ ಮಾಡದೆ ನಡೆಯೋಕೆ ಎರಡೂವರೆ ಅಡಿ ಬೇಕೇ ಬೇಕು.

ಒಂದು ಕೆಲಸ ಮಾಡಿ. ಶೋರೂಮಿಗೆ ಹೋಗುವ ಮುಂಚೆ ಹಳೇ ದಿನಪತ್ರಿಕೆ ತಗೊಂಡು, ಸೋಫಾದ ಅಳತೆಗೆ ನೆಲದ ಮೇಲೆ ಹಾಸಿ, ಟೇಪ್ ಅಂಟಿಸಿ. ಡೈನಿಂಗ್ ಟೇಬಲ್ಲಿಗೂ ಹಾಗೇ, ಕುರ್ಚಿ ಹಿಂದಕ್ಕೆ ಎಳೆಯುವ ಜಾಗವನ್ನೂ ಸೇರಿಸಿ. ಒಂದು ಭಾನುವಾರ ಪೂರ್ತಿ ಆ ಪೇಪರ್ ತುಳಿಯದೆ ಮನೆಯೊಳಗೆ ಓಡಾಡಿ ನೋಡಿ. ಯಜಮಾನರಿಗೆ ನೀವು ಏನೂ ಹೇಳಬೇಕಾಗಿ ಬರುವುದಿಲ್ಲ.

ನನ್ನ ಸಲಹೆ: 5 ಅಡಿಯ ಇಬ್ಬರು ಕೂರುವ ಸೋಫಾ, ಕೈ ಹಿಡಿ ತೆಳ್ಳಗಿರಲಿ, ಕೆಳಗೆ ಪೊರಕೆ ಆಡುವಷ್ಟು ಎತ್ತರದ ಕಾಲಿರಲಿ. ನೆಲ ಕಂಡಷ್ಟೂ ಮನೆ ದೊಡ್ಡದಾಗಿ ಕಾಣಿಸುತ್ತದೆ. ಪಕ್ಕಕ್ಕೆ ಒಂದೆರಡು ಹಗುರವಾದ ಬೆತ್ತದ ಕುರ್ಚಿ, ಬೇಕಾದಾಗ ಎತ್ತಿ ಬಾಲ್ಕನಿಗೆ ಹಾಕಬಹುದು. ಟಿವಿ ಗೋಡೆಗೆ, ಅದರ ಕೆಳಗೆ 10 ಇಂಚಿನ ಒಂದು ಶೆಲ್ಫ್, ಅಷ್ಟು ಸಾಕು. ಊಟಕ್ಕೆ ಗೋಡೆಗೆ ಮಡಚುವ ಟೇಬಲ್ ಮಾಡಿಸಿ, ನೆಲದಿಂದ 30 ಇಂಚು ಎತ್ತರಕ್ಕೆ. ಇಬ್ಬರಿಗೆ ಧಾರಾಳ. ನೆಂಟರು ಬಂದರೆ? ಜಮಖಾನ ಹಾಸಿ ಎಲೆ ಹಾಕಿ. ನವಲಗುಂದದ ಜಮಖಾನ ಸಿಕ್ಕರೆ ಅದನ್ನೇ ತಗೊಳ್ಳಿ. ಅಲ್ಲಿನ ಹೆಣ್ಣುಮಕ್ಕಳು ಮಗ್ಗದಲ್ಲಿ ಕೂತು ನೇಯುವಂಥದ್ದು, ಜಿಐ ಟ್ಯಾಗ್ ಕೂಡ ಇದೆ. ಊಟ ಇಲ್ಲದ ದಿನ ಅದೇ ನಿಮ್ಮ ಹಾಲಿನ ಅಂದ.

ಮಂಚದ ಲೆಕ್ಕ ಇನ್ನೂ ಸುಲಭ. ಕಿಂಗ್ ಸೈಜ್ ಹಾಸಿಗೆ 6 ಅಡಿ ಅಗಲ, ಕ್ವೀನ್ 5 ಅಡಿ. ಬಟ್ಟೆ ಕಪಾಟು 2 ಅಡಿ ಆಳ. 10 ಅಡಿ ರೂಮಿನಲ್ಲಿ ಕಿಂಗ್ ಹಾಕಿದರೆ ಉಳಿಯುವುದು 2 ಅಡಿ, ಕ್ವೀನ್ ಹಾಕಿದರೆ 3. ಆ ಒಂದು ಅಡಿಯಲ್ಲೇ ಕಪಾಟಿನ ಬಾಗಿಲು ತೆಗೆಯೋದು, ಬಗ್ಗಿ ಕೆಳಗಿನ ಡ್ರಾಯರ್ ಎಳೆಯೋದು ಎಲ್ಲಾ ಇದೆ. ಕ್ವೀನ್ ತಗೊಳ್ಳಿ. ಅಡಿಯಲ್ಲಿ ಸ್ಟೋರೇಜ್ ಇರಲಿ, ಚಳಿಗಾಲದ ರಗ್ಗು, ಮದುವೆಗೆ ಬಂದ ಸ್ಟೀಲ್ ಪಾತ್ರೆ ಎಲ್ಲಾ ಅಲ್ಲಿಗೆ.

ಇನ್ನೊಂದು ಮಾತು. ದುಡ್ಡು ಕಟ್ಟುವ ಮುಂಚೆ ಲಿಫ್ಟಿನ ಬಾಗಿಲು, ನಿಮ್ಮ ಮುಂಬಾಗಿಲು ಎರಡನ್ನೂ ಅಳೆಯಿರಿ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡ ಸೋಫಾವನ್ನು ನೋಡಿದವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಪ್ರಶ್ನೆ: ಹುಬ್ಬಳ್ಳಿಯ ಹಳೇ ಮನೆ ಮಾರಿ ಮಗನ ಜೊತೆ ಇರೋಕೆ ಬೆಂಗಳೂರಿಗೆ ಬರುತ್ತಿದ್ದೇವೆ. ನಮ್ಮ ತಂದೆಯ ಕಾಲದ ಸಾಗವಾನಿ ತೂಗುಮಣೆ ಇದೆ, ಹಿತ್ತಾಳೆ ಸರಪಳಿ ಸಮೇತ. ಫ್ಲಾಟಿನಲ್ಲಿ ಜಾಗ ಇಲ್ಲ, ಮಾರಿಬಿಡಿ ಅಂತಾನೆ ಮಗ. ನನಗೆ ಮನಸ್ಸಿಲ್ಲ.
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಮಾರಬೇಡಿ ಸರ್. ಆದರೆ ನಿಮ್ಮ ಮಗ ಹೇಳುವುದರಲ್ಲಿ ಅರ್ಧ ನಿಜ ಇದೆ, ಅದನ್ನೂ ಕೇಳಿ.

ಮಣೆ 2 ಅಡಿ ಅಗಲ ಇದ್ದರೆ, ಮೆಲ್ಲಗೆ ತೂಗೋಕೂ ಮುಂದೆ ಹಿಂದೆ ಎರಡೂವರೆ ಅಡಿ ಬಿಡಬೇಕು. ಅಲ್ಲಿಗೆ 7 ಅಡಿ ಆಯಿತು. ಅಷ್ಟು ಜಾಗ ಹಾಲಿನಲ್ಲಿ ಸಿಗಬೇಕಾದರೆ ಸೋಫಾ ಹೋಗಬೇಕು. ಸೋಫಾ ಜೊತೆಗೆ ತೂಗುಮಣೆ ಅಂತ ಹೊರಟರೆ ಜಗಳ, ಸೋಫಾ ಬದಲು ತೂಗುಮಣೆ ಅಂದರೆ ಮನೆಗೆ ಅದಕ್ಕಿಂತ ಚೆಂದ ಬೇರೆ ಇಲ್ಲ. ಗೋಡೆಗೆ ಒತ್ತಿ ಎರಡು ಕುರ್ಚಿ, ನಡುವೆ ನಿಮ್ಮ ಮಣೆ, ಮೇಲೆ ತೆಳು ಹತ್ತಿ ಹಾಸಿಗೆ, ಗುಳೇದಗುಡ್ಡದ ಖಣದ ಬಟ್ಟೆ ಹೊದಿಸಿದ ಎರಡು ಲೋಡು. ಬಂದವರೆಲ್ಲ ಮೊದಲು ಅಲ್ಲೇ ಕೂರುತ್ತಾರೆ, ನೋಡ್ತಾ ಇರಿ.

ಮುಖ್ಯವಾದದ್ದು ಕೊಕ್ಕೆ. ಹಳೇ ಮನೆಯಲ್ಲಿ ತೊಲೆಗೆ ಹಾಕಿದ್ದಿರಿ. ಇಲ್ಲಿ ಮೇಲೆ ಕಾಣುವುದು ಫಾಲ್ಸ್ ಸೀಲಿಂಗ್ ಆಗಿದ್ದರೆ ಅದು ಬರೀ ಜಿಪ್ಸಮ್ ಹಲಗೆ, ಫ್ಯಾನ್ ಭಾರವನ್ನೂ ಅದು ಹೊರುವುದಿಲ್ಲ. ಅದನ್ನು ದಾಟಿ ಕಾಂಕ್ರೀಟಿಗೇ ಆ್ಯಂಕರ್ ಬೋಲ್ಟ್ ಹಾಕಿಸಬೇಕು. ಈಗಿನ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರುತ್ತದೆ, ಒಳಗೆ ಬಿಗಿಯಾಗಿ ಎಳೆದ ಉಕ್ಕಿನ ತಂತಿಗಳು. ಅದಕ್ಕೆ ಕಣ್ಣುಮುಚ್ಚಿ ಡ್ರಿಲ್ ಹಾಕಿದರೆ ಅಪಾಯ. ಬಿಲ್ಡರನ್ನೋ ಅಸೋಸಿಯೇಷನ್‌ನವರನ್ನೋ ಕೇಳಿ, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಆಮೇಲೆ ಹಾಕಿಸಿ. ಆಗುವುದೇ ಇಲ್ಲ ಅಂದರೆ ಮಣೆಗೆ ನಾಲ್ಕು ಕಾಲು ಹಾಕಿಸಿ ದಿವಾನ್ ಮಾಡಿಕೊಳ್ಳಿ. ನೆಲಕ್ಕೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಮಾತ್ರ ಬೇಡ, ಹಾಲ್ ತುಂಬಾ ಅದೇ ಆಗುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿ ಬಾಡಿಗೆ ಫ್ಲಾಟ್. ಆನ್‌ಲೈನಿನಲ್ಲಿ ತರಿಸಿದ ವಾರ್ಡ್‌ರೋಬ್ ಮೊದಲ ಮಳೆಗಾಲಕ್ಕೇ ಕೆಳಗೆ ಊದಿಕೊಂಡಿದೆ, ಹಿಂದುಗಡೆ ಬೂಸ್ಟು. ಹೊಸದು ತಗೊಳ್ಳುವಾಗ ಏನು ನೋಡಬೇಕು?
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಅದು ಪಾರ್ಟಿಕಲ್ ಬೋರ್ಡ್ ಇರಬೇಕು. ಮರದ ಹುಡಿಗೆ ಅಂಟು ಸೇರಿಸಿ ಒತ್ತಿದ್ದು, ಅಂಚಿನ ಪಟ್ಟಿ ಒಂದು ಕಡೆ ಬಿಟ್ಟರೆ ಸಾಕು, ನೀರು ಕುಡಿಯುತ್ತದೆ. ಕರಾವಳಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಬಾಡಿಗೆ ಮನೆ ಅಂತೀರಿ, ಹಾಗಾದರೆ ಸ್ಟೀಲ್ ಕಪಾಟೇ ಒಳ್ಳೆಯದು. ಅಂದ ಇಲ್ಲ ಅನ್ನುವವರಿಗೆ ಈಗ ಹಸಿರು, ನೀಲಿ, ಮಣ್ಣಿನ ಬಣ್ಣದಲ್ಲೂ ಸಿಗುತ್ತವೆ. ಮರದ್ದೇ ಬೇಕಾದರೆ ಪ್ಲೈವುಡ್ ಹಾಳೆಯ ಮೇಲಿನ ಮುದ್ರೆ ಓದಿ: ಐಎಸ್ 303 ಅಂದರೆ ಸಾಮಾನ್ಯ ಪ್ಲೈ, ಐಎಸ್ 710 ಅಂದರೆ ನೀರು ತಡೆಯುವ ಮೆರೈನ್ ಪ್ಲೈ. ನಿಮ್ಮೂರಿಗೆ ಎರಡನೆಯದು. ಬೆಲೆ ಜಾಸ್ತಿ, ಆದರೆ ಇದು ಒಂದು ಮಳೆಗಾಲಕ್ಕೆ ಮುಗಿಯುವ ಸಾಮಾನಲ್ಲ.

ಇಡುವ ಜಾಗವೂ ಅಷ್ಟೇ ಮುಖ್ಯ. ಮಳೆ ಬಡಿಯುವ ಪಶ್ಚಿಮದ ಹೊರಗೋಡೆಗೆ ಕಪಾಟು ಒತ್ತಬೇಡಿ. ಒಳಗೋಡೆ ಇದ್ದರೆ ಅಲ್ಲಿಡಿ, ಹಿಂದೆ 2 ಇಂಚು ಬಿಡಿ, ಕೆಳಗೆ ಕಾಲು ಕೊಡಿ, ಗಾಳಿ ಆಡಲಿ. ಒಳಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣ ನೇತುಹಾಕಿ. ಅದರಲ್ಲಿ ನೀರು ತುಂಬಿಕೊಳ್ಳುತ್ತದೆ, ಬದಲಾಯಿಸುತ್ತಿರಬೇಕು, ರೇಷ್ಮೆ ಸೀರೆಯಿಂದ ದೂರ ಇರಲಿ.

ಪ್ರಶ್ನೆ: ಓನರ್ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಬಿಳಿ ಗೋಡೆ, ಬಿಳಿ ಟ್ಯೂಬ್‌ಲೈಟ್, ಆಸ್ಪತ್ರೆ ವಾರ್ಡ್ ಥರ ಇದೆ ಮನೆ.
– ಐಟಿ ಉದ್ಯೋಗಿ, ಮಾರತ್‌ಹಳ್ಳಿ

ಉತ್ತರ: ಮೊದಲು ಟ್ಯೂಬ್‌ಲೈಟ್ ಆರಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಹೆಚ್ಚಿದಷ್ಟೂ ಬಿಳಿ, ಇಳಿದಷ್ಟೂ ಹಳದಿ. ನಿಮ್ಮದು 6500 ಕೆಲ್ವಿನ್ ಇರಬೇಕು, ತರಕಾರಿ ಹೆಚ್ಚೋಕೆ ಸರಿ. ಸಂಜೆ ಕೂರುವ ಜಾಗಕ್ಕೆ 3000 ಕೆಲ್ವಿನ್ನಿನ ಹಳದಿ ಎಲ್‌ಇಡಿ ಬಲ್ಬ್ ತಂದು, ಒಂದು ನಿಲ್ಲುವ ಲ್ಯಾಂಪು, ಒಂದು ಟೇಬಲ್ ಲ್ಯಾಂಪು, ಎರಡು ಮೂಲೆಗೆ ಇಡಿ. ಗೋಡೆ ಮುಟ್ಟದೆ ಮನೆ ಬದಲಾಗುತ್ತದೆ, ಖರ್ಚೂ ಕಡಿಮೆ.

ಕರ್ಟನ್ ಬಟ್ಟೆ ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ತಗೊಂಡು ಹೊಲಿಸಿ, ನೆಲ ಮುಟ್ಟುವಷ್ಟು ಉದ್ದ ಇರಲಿ. ಕಿಟಕಿಯ ಅರ್ಧಕ್ಕೇ ನಿಂತ ಕರ್ಟನ್ ಚಡ್ಡಿಯಂತೆ ಕಾಣುತ್ತದೆ. ಫೋಟೊ ಫ್ರೇಮುಗಳನ್ನು ಶೆಲ್ಫಿನ ಮೇಲೆ ಒರಗಿಸಿಡಿ.

ಇನ್ನು ಮೊಳೆ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ಮಾಮೂಲಿ, ಅಲ್ವಾ? ನಿಮ್ಮ ಅಗ್ರಿಮೆಂಟಿನಲ್ಲೂ ಅದಿದ್ದರೆ ಓನರ್‌ಗೆ ನಯವಾಗಿ ಕೇಳಿ: ಹೇಗಿದ್ದರೂ ಬಣ್ಣ ಬಳಿಸುತ್ತೀರಿ, ನಾಲ್ಕು ತೂತು ನಾನೇ ಪುಟ್ಟಿ ಹಾಕಿ ಮುಚ್ಚಿ ಕೊಡುತ್ತೇನೆ, ಒಪ್ಪುತ್ತೀರಾ ಅಂತ. ಒಪ್ಪಿದರೆ ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಡೊಂಬಿವಿಲಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ದೇವರನ್ನು ಎಲ್ಲಿಡಲಿ? ಅತ್ತೆಯವರು ದಿನಾ ದೀಪ ಹಚ್ಚುತ್ತಾರೆ.
– ಗೃಹಿಣಿ, ಡೊಂಬಿವಿಲಿ

ಉತ್ತರ: ಗೋಡೆಗೆ ಹಾಕುವ ಮರದ ಮಂಟಪ, ಒಂದೂವರೆ ಅಡಿ ಅಗಲ, ಒಂದಡಿ ಆಳ. ಅತ್ತೆ ನಿಂತು ಪೂಜೆ ಮಾಡುತ್ತಾರೋ ಕೂತೋ ಅನ್ನೋದನ್ನು ಅವರನ್ನೇ ಕೇಳಿ ಎತ್ತರ ಗುರುತು ಹಾಕಿ. ದೀಪ ಮಂಟಪದ ಒಳಗೆ ಬೇಡ. ಮುಂದಕ್ಕೆ ಎಳೆಯುವ ಒಂದು ಹಲಗೆ ಮಾಡಿಸಿ, ಮೇಲೆ ಹಿತ್ತಾಳೆ ತಟ್ಟೆ ಇಟ್ಟು ಅದರಲ್ಲಿ ಹಚ್ಚಲಿ. ಅದರ ನೇರ ಮೇಲೆ ಕಪಾಟಾಗಲಿ ಕರ್ಟನ್ನಾಗಲಿ ಇರಬಾರದು. ಹಿಂದಿನ ಗೋಡೆಗೆ ಒಂದು ಟೈಲ್ಸ್ ಅಂಟಿಸಿದರೆ ಮಸಿ ಒರೆಸೋಕೆ ಸುಲಭ. ಬತ್ತಿ, ಎಣ್ಣೆ, ಬೆಂಕಿಪೊಟ್ಟಣಕ್ಕೆ ಕೆಳಗೆ ಒಂದು ಡ್ರಾಯರ್ ಬೇಕು ಅಂತ ಕಾರ್ಪೆಂಟರಿಗೆ ಮೊದಲೇ ಹೇಳಿ, ನೀವು ಹೇಳದಿದ್ದರೆ ಅವರು ಅದನ್ನು ಮಾಡುವುದಿಲ್ಲ.