ಒಂದೇ ಮೊಟ್ಟೆಯ ಲೆಕ್ಕ

ಮಾನ್ಯರೇ,

ನಿರ್ನಾಮವಾದ ಅಮೆರಿಕದ ಪ್ಯಾಸೆಂಜರ್ ಪಾರಿವಾಳದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಮಾಗಡಿಯಿಂದ ಕೇಳಿದ್ದೀರಿ: "ಮುನ್ನೂರು ಕೋಟಿ ಹಕ್ಕಿಯನ್ನು ಕೋವಿಯಿಂದ ಮುಗಿಸಲು ಆಗುತ್ತದೆಯೇ? ರೋಗವೇ ಬಂದಿರಬೇಕು. ಕೊನೆಗೆ ಉಳಿದ ಸಾವಿರಾರು ಹಕ್ಕಿ ಮತ್ತೆ ಏಕೆ ಹೆಚ್ಚಲಿಲ್ಲ? ಹಕ್ಕಿ ಹೋದ ಮೇಲೆ ಬಂದ ಕಾನೂನಿನಿಂದ ಯಾರಿಗೆ ಲಾಭ?"

ರೋಗಕ್ಕೆ ಪುರಾವೆ ಸಿಕ್ಕಿಲ್ಲ. ಕೋವಿಯೊಂದರ ಕೆಲಸವೂ ಅಲ್ಲ. ಪೆಟ್ಟು ಬಿದ್ದದ್ದು ಗೂಡಿಗೆ.

ಈ ಪಾರಿವಾಳ ಗೂಡಿಗೆ ಇಡುತ್ತಿದ್ದದ್ದು ಒಂದೇ ಮೊಟ್ಟೆ. ಸುಮಾರು ಎರಡು ವಾರ ಕಾವು, ಇನ್ನೆರಡು ವಾರ ಗುಟುಕು. ಆಮೇಲೆ ತಾಯಿತಂದೆ ಹಿಂಡಿನೊಂದಿಗೆ ಹಾರಿಹೋದರೆ ಕೊಬ್ಬಿದ ಮರಿ ನೆಲಕ್ಕಿಳಿದು, ಹಾರಲು ಕಲಿಯುವವರೆಗೆ ನರಿ, ಗಿಡುಗಗಳ ಬಾಯಿಗೆ ಸುಲಭದ ತುತ್ತು. ಆದರೂ ಸಂತತಿ ಉಳಿದದ್ದು ಎಲ್ಲವೂ ಒಂದೇ ಕಡೆ, ಒಂದೇ ಹೊತ್ತಿಗೆ ಮರಿ ಮಾಡುತ್ತಿದ್ದುದರಿಂದ. ತಿನ್ನುವವುಗಳ ಹೊಟ್ಟೆ ತುಂಬಿದ ಮೇಲೂ ಮರಿ ಮಿಗುತ್ತಿತ್ತು. 1871ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅವು ಗೂಡು ಕಟ್ಟಿದ್ದ ಕಾಡಿನ ಹರವು ಸುಮಾರು 850 ಚದರ ಮೈಲಿ. ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರ ಜಿಲ್ಲೆಯಷ್ಟು. ಅವುಗಳಿಗೆ ಮೇವು ಕೊಡುವ ಬೀಚ್, ಓಕ್ ಮರಗಳೂ ಮಾವಿನಂತೆ ಎಲ್ಲ ವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಈ ಸಲ ಎಲ್ಲಿ ಉದುರಿದೆ ಎಂದು ಹುಡುಕಲೂ ಹಿಂಡು ದೊಡ್ಡದಿರಬೇಕಿತ್ತು.

ಗೂಡು ಕಟ್ಟಿದ ಜಾಗದ ಸುದ್ದಿ ತಂತಿಯಲ್ಲಿ ಹರಡಿದ ಕೂಡಲೇ ಬೇಟೆಯೇ ಕಸುಬಾದವರು ರೈಲು ಹತ್ತಿ ಬರುತ್ತಿದ್ದರು. ಪಾರಿವಾಳವೊಂದರ ಕಣ್ಣು ಹೊಲಿದು, ಏರಿಳಿಯುವ ಪುಟ್ಟ ಮಣೆಗೆ ಕಟ್ಟುತ್ತಿದ್ದರು. ಮಣೆ ಇಳಿಸಿದಾಗ ಅದು ರೆಕ್ಕೆ ಬಡಿಯುತ್ತಿತ್ತು. ಮೇವಿದೆಯೆಂದು ನಂಬಿ ಇಳಿದ ಹಿಂಡಿನ ಮೇಲೆ ಬಲೆ ಬೀಳುತ್ತಿತ್ತು. ರಾತ್ರಿ ಮರದಡಿ ಗಂಧಕ ಸುಟ್ಟು ಉಸಿರುಗಟ್ಟಿಸುತ್ತಿದ್ದರು. ಮರಿಗಳನ್ನು ಗಳದಿಂದ ಉದುರಿಸಿ, ಪೀಪಾಯಿಗೆ ತುಂಬಿ ಪೇಟೆಗೆ ಸಾಗಿಸುತ್ತಿದ್ದರು. ಇತ್ತ ಕಾಡೂ ಕಡಿದುಹೋಗುತ್ತಿತ್ತು. 1878ರಲ್ಲಿ ಮಿಶಿಗನ್‌ನ ಪೆಟೋಸ್ಕಿಯಲ್ಲಿ ನಡೆದದ್ದು ಇಂಥ ಕೊನೆಯ ದೊಡ್ಡ ಕೊಲೆಗಳಲ್ಲೊಂದು. ವರ್ಷ ವರ್ಷವೂ ಮರಿ ಮಿಗದಿದ್ದರೆ, ಮುದಿ ಹಕ್ಕಿಗಳು ಸತ್ತಂತೆ ಸಂಖ್ಯೆ ತಾನಾಗಿ ಕುಸಿಯುತ್ತದೆ. ಈ ಹಕ್ಕಿಗೆ ರಕ್ಷಣೆ ಬೇಕಿಲ್ಲ, ಸಂತಾನ ಅಪಾರ ಎಂದು 1857ರಲ್ಲೇ ಒಹಾಯೊದ ಶಾಸನಸಭಾ ಸಮಿತಿಯೊಂದು ವರದಿ ಕೊಟ್ಟಿತ್ತು. ಅವರು ಆಕಾಶ ನೋಡಿದರು, ಗೂಡು ನೋಡಲಿಲ್ಲ.

ಉಳಿದ ಸಾವಿರಗಳು ಹೆಚ್ಚದಿದ್ದುದಕ್ಕೂ ಇದೇ ಕಾರಣ. ಚಿಕ್ಕ ಹಿಂಡಿನ ಗೂಡುಗಳನ್ನು ನರಿ, ಗಿಡುಗಗಳೇ ಖಾಲಿ ಮಾಡಬಲ್ಲವು. ಪಂಜರದಲ್ಲಿದ್ದವು ಕೆಲವೇ ಹಕ್ಕಿಗಳ ಸಂತತಿ, ಒಳಸಂಬಂಧದಲ್ಲಿ ಸೊರಗಿದವು. ಕೊನೆಯ ಹಕ್ಕಿ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಇನ್ನು ಕಾನೂನು. 1900ರ ಲೇಸಿ ಕಾಯ್ದೆ ಸಾಗಾಟದ ಮೇಲೆ ಕೈಯಿಟ್ಟಿತು: ಒಂದು ರಾಜ್ಯದ ಕಾನೂನು ಮುರಿದು ಕೊಂದದ್ದನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಅಪರಾಧ. ನನ್ನ ದೃಷ್ಟಿಯಲ್ಲಿ ಇದೇ ಸರಿಯಾದ ಜಾಗ, ಏಕೆಂದರೆ ಕಾಡಿನಲ್ಲಿ ಸಾವಿರ ಬೇಟೆಗಾರರನ್ನು ಕಾಯುವುದಕ್ಕಿಂತ ರೈಲಿನ ಪೀಪಾಯಿ ತಡೆಯುವುದು ಸುಲಭ. 1916ರಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆ ಅಮೆರಿಕಕ್ಕೂ, ಕೆನಡಾದ ಪರವಾಗಿ ಸಹಿ ಹಾಕಿದ ಬ್ರಿಟನ್‌ಗೂ ಒಪ್ಪಂದವಾಯಿತು. ಅದನ್ನು ಜಾರಿಗೆ ತಂದ 1918ರ ವಲಸೆ ಹಕ್ಕಿಗಳ ಕಾಯ್ದೆ ಗೂಡು, ಮೊಟ್ಟೆ, ಗರಿಗಳನ್ನೂ ಒಳಗೊಂಡಿತು. ಪಾರಿವಾಳಕ್ಕೆ ತಡವಾಯಿತು, ಗರಿಗಾಗಿ ಸಾಯುತ್ತಿದ್ದ ಬೆಳ್ಳಕ್ಕಿಗಳು, ಮಾಂಸಕ್ಕಾಗಿ ಸಾಯುತ್ತಿದ್ದ ವುಡ್ ಡಕ್ ಬಾತುಗಳು ಉಳಿದವು.

ನಿಮ್ಮೂರಿಗೆ ಹತ್ತಿರದ ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದೂ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಕ್ಕೆ ಕೊಟ್ಟ ನೋವಿನ ಔಷಧಿ ಡೈಕ್ಲೋಫೆನಾಕ್ ಹೆಣದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. ಪಶುಗಳಿಗೆ ಅದನ್ನು 2006ರಲ್ಲೇ ನಿಷೇಧಿಸಿದ್ದರೂ ಮನುಷ್ಯರ ದೊಡ್ಡ ಬಾಟಲಿಯಿಂದ ಚುಚ್ಚುವುದು ನಡೆದೇ ಇತ್ತು. ಅದಕ್ಕೇ 2015ರಲ್ಲಿ ಆ ಇಂಜೆಕ್ಷನ್ ಬಾಟಲಿಯನ್ನು ಒಬ್ಬ ಮನುಷ್ಯನಿಗೆ ಸಾಲುವ 3 ಮಿಲಿಗೆ ಇಳಿಸಿದರು. ಹಸುವಿಗೆ ನೋವಿನ ಔಷಧಿ ಬೇಕಾದಾಗ ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಆಗುತ್ತದೆಯೇ ಎಂದು ಪಶುವೈದ್ಯರನ್ನು ಕೇಳಿ. ಚುಚ್ಚಿದ ಮೇಲೆ ಹಸು ಸತ್ತರೆ ಹೆಣವನ್ನು ಬಯಲಿಗೆ ಹಾಕದೆ ಆಳವಾಗಿ ಹೂಳಿ.

— ಸಂ.