ಬೇಲ್ ಸಿಕ್ಕಿದೆ, ಶ್ಯೂರಿಟಿ ಇಲ್ಲ. ಸಾಲ ಮಾಡಲೋ, ದುಡ್ಡಿಗೆ ಜಾಮೀನುದಾರರನ್ನು ಕರೆತರುವ ಬ್ರೋಕರನ್ನು ಹಿಡಿಯಲೋ?

ಎರಡೂ ಬೇಡ ಮಾರಾಯ್ರೆ.

ತಮ್ಮನಿಗೆ ಬೇಲ್ ಆಗಿ ಎಂಟು ದಿನವಾದರೂ ಒಳಗೇ ಇದ್ದಾನೆ, ಶ್ಯೂರಿಟಿಯಾಗಿ 1 ಲಕ್ಷಕ್ಕೆ ಇಬ್ಬರು ಜಾಮೀನುದಾರರನ್ನು ಕೇಳಿದ್ದಾರೆ ಅಂತ ಬರೆದಿದ್ದೀರಿ. ಓದುವಾಗ ನನ್ನ 2018ನೇ ಇಸವಿಯೇ ಎದುರು ಬಂದು ನಿಂತ ಹಾಗಾಯಿತು.

ನಮ್ಮ ಮನೆ ಉಳ್ಳಾಲದ ಕಡೆ. ಅಮ್ಮ ಬೀಡಿ ಕಟ್ಟುತ್ತಿದ್ದರು, ತಮ್ಮ ಮಂಗಳೂರು ದಕ್ಕೆಯಲ್ಲಿ ಟ್ರಾಲ್ ಬೋಟಿಗೆ ಹೋಗುತ್ತಿದ್ದ. ಮಳೆಗಾಲದ 61 ದಿನದ ರಜೆ ಮುಗಿದು ಮೀನು ಚೆನ್ನಾಗಿ ಬೀಳುತ್ತಿದ್ದ ಸಮಯ. ಐಸ್ ತುಂಬಿಸುವ ಸರದಿಗೆ ಶುರುವಾದ ಜಗಳ ಹೊಡೆದಾಟವಾಗಿ, ಒಬ್ಬರ ಕೈ ಮುರಿಯಿತು. ಆರೋಪಿಗಳು ಇಬ್ಬರು. ಒಬ್ಬ ನನ್ನ ತಮ್ಮ, ಇನ್ನೊಬ್ಬ ಒಬ್ಬ ಬೋಟ್ ಮಾಲಕರ ಅಳಿಯ.

ಇಬ್ಬರಿಗೂ ಒಂದೇ ದಿನ, ಒಂದೇ ಆರ್ಡರಿನಲ್ಲಿ ಬೇಲ್ ಆಯಿತು. ತಲಾ 50,000 ರೂಪಾಯಿಯ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಸ್ಥಳೀಯ ಜಾಮೀನುದಾರರು. ಮಾಲಕರ ಮನೆಯವರ ಬ್ಯಾಗಿನಲ್ಲಿ ಜಾಮೀನಿಗೆ ತೋರಿಸುವ ಅಡಿಕೆ ತೋಟದ ಆರ್‌ಟಿಸಿ (ಪಹಣಿ) ಮೊದಲೇ ರೆಡಿ ಇತ್ತು. ಅಳಿಯ ಅವತ್ತೇ ಸಂಜೆ ಮನೆಗೆ ಬಂದ. ನನ್ನ ತಮ್ಮ ಬಂದದ್ದು 41ನೇ ದಿನ. ಕಾಗದದಲ್ಲಿ ಇಬ್ಬರೂ ಸಮಾನರೇ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಜೈಲಿಗೆ ಬಿಸ್ಕೆಟ್ ಕಳಿಸಿದ್ದ.

ಈ 41 ದಿನದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಸರಿಯಾಗಿ ಹೇಳಬೇಕು. ಎಲ್ಲರೂ ಬ್ರೋಕರಿಗೆ ದುಡ್ಡು ಕೊಟ್ಟದ್ದೇ ತಪ್ಪು ಅಂತಾರೆ. ಅದು ಆಮೇಲಿನದ್ದು. ನನ್ನ ತಪ್ಪು ಏನೆಂದರೆ, ಜಡ್ಜ್ ಬರೆದ ಷರತ್ತು ಅಂದರೆ ಮುಗಿಯಿತು, ಅದನ್ನು ಬದಲಿಸಿ ಅಂತ ಕೇಳುವ ಹಾಗೇ ಇಲ್ಲ ಅಂತ ನಂಬಿದ್ದು. ಬಸ್ಸಿನಲ್ಲಿ ಕಂಡಕ್ಟರ್ ಹರಿದುಕೊಟ್ಟ ಟಿಕೆಟಿನ ಹಾಗೆ, ಎಷ್ಟು ಬರೆದಿದೆಯೋ ಅಷ್ಟು ಕೊಡಬೇಕು ಅಂತ. ಹಾಗಾಗಿ ಎರಡು ವಾರ ಸುಮ್ನೆ ಆರ್‌ಟಿಸಿ ಹುಡುಕಿಕೊಂಡು ಅಲೆದೆ. ನಮ್ಮ ಜಾಗದ ಆರ್‌ಟಿಸಿ ತೀರಿಹೋದ ಅಜ್ಜಿಯ ಹೆಸರಲ್ಲಿತ್ತು. ಪಾಲು ಆಗಿಲ್ಲ, ಹನ್ನೊಂದು ಜನರ ಸಹಿ ಬೇಕು, ಅದರಲ್ಲಿ ಮೂವರು ಮುಂಬಯಿಯಲ್ಲಿ. ಸೋದರಮಾವನನ್ನು ಕೇಳಿದೆ. "ಕೋರ್ಟಿಗೆ ಜಾಗ ಬರೆದುಕೊಟ್ಟರೆ ನಾಳೆ ಮಗಳ ಮದುವೆಗೆ ಲೋನ್ ಸಿಗಲಿಕ್ಕಿಲ್ಲ" ಅಂದರು. ತಮ್ಮನ ಬೋಟಿನ ತಂಡೇಲರು, ಅಂದರೆ ಬೋಟ್ ನಡೆಸುವವರು, ತಾವಾಗಿಯೇ ಮುಂದೆ ಬಂದರು, ಆದರೆ ಅವರ ಜಾಗ ಬೇರೆ ಜಿಲ್ಲೆಯ ಹೊನ್ನಾವರದಲ್ಲಿ. ಸ್ಥಳೀಯರು ಬೇಕು ಅಂತ ಬರೆದಿದೆಯಲ್ಲ, ಆಗುವುದಿಲ್ಲ ಅಂತ ನಾನೇ ಅವರನ್ನು ವಾಪಸ್ ಕಳಿಸಿದೆ. ಕೋರ್ಟನ್ನು ಕೇಳಲೇ ಇಲ್ಲ!

ಆ ಓಡಾಟದ ದಿನಗಳಲ್ಲಿ ಕೋರ್ಟ್ ಕಂಪೌಂಡಿನಲ್ಲೇ ಇದ್ದ, ಉಚಿತ ವಕೀಲರನ್ನು ಕೊಡುವ ಕಾನೂನು ಸೇವೆಗಳ ಪ್ರಾಧಿಕಾರದ ಬೋರ್ಡಿನ ಎದುರಿನಿಂದ ಎಷ್ಟು ಸಲ ಹೋಗಿದ್ದೇನೋ. ಉಚಿತ ವಕೀಲರು ಅಂದರೆ ಗತಿಯಿಲ್ಲದವರಿಗೆ, ನಾವು ಅಷ್ಟು ಕೆಳಗೆ ಇಳಿದಿಲ್ಲ ಅನ್ನುವ ಮರ್ಯಾದೆ ನನಗೆ. ಅಮ್ಮನ ಕರಿಮಣಿ ಅಡವಿಟ್ಟು ಬ್ರೋಕರಿಗೆ 18,000 ಕೊಡುವಾಗ ಮಾತ್ರ ಆ ಮರ್ಯಾದೆ ಅಡ್ಡ ಬರಲಿಲ್ಲ.

ಬ್ರೋಕರ್ ಇಬ್ಬರನ್ನು ಕರೆತಂದ. ಜಾಮೀನು ನಿಲ್ಲುವವರು ಬೇರೆ ಎಷ್ಟು ಜನರಿಗೆ ಜಾಮೀನು ಕೊಟ್ಟಿದ್ದೇವೆ ಅಂತ ಕೋರ್ಟಿಗೆ ಹೇಳಬೇಕು, ಕಾನೂನಿನಲ್ಲೇ ಇದೆ. ಅವರಲ್ಲೊಬ್ಬ ಅದನ್ನು ಮುಚ್ಚಿಟ್ಟಿದ್ದ. ಸಿಕ್ಕಿಬಿದ್ದ. ಇಬ್ಬರನ್ನೂ ಬೇಡ ಅಂದರು. ಹಣ ಹೋಯಿತು. ಅದಕ್ಕಿಂತ ಜಾಸ್ತಿ ಹೆದರಿಕೆ ಆದದ್ದು, ಸುಳ್ಳು ಜಾಮೀನು ತಂದವನು ಅಂತ ನನ್ನ ಮೇಲೇ ಕೇಸಾದರೆ ಅಂತ. ಎರಡು ರಾತ್ರಿ ನಿದ್ದೆಯಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಜೈಲಿಗೆ ಬರುವ ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ಸ್ವಯಂಸೇವಕರು) ಒಬ್ಬರು. "ನಿಮ್ಮ ಅಣ್ಣ ಅರ್ಜಿ ಹಾಕಿದ್ದಾರಾ?" ಅಂತ ಅವರು ತಮ್ಮನನ್ನು ಕೇಳಿದರಂತೆ. ಯಾವ ಅರ್ಜಿ? ಷರತ್ತು ಸಡಿಲಿಸಿ ಅನ್ನುವ ಅರ್ಜಿ. ಉಚಿತ ವಕೀಲರು ಅಮ್ಮನ ಬೀಡಿ ಪಾಸ್‌ಬುಕ್ ಜೆರಾಕ್ಸ್ ಸೇರಿಸಿ ಎರಡು ಪುಟ ಬರೆದರು. ಮೊತ್ತ 20,000ಕ್ಕೆ ಇಳಿಯಿತು, ಒಬ್ಬರೇ ಜಾಮೀನುದಾರರು ಸಾಕು ಅಂತಾಯಿತು, ಹೊನ್ನಾವರದ ತಂಡೇಲರೇ ಬಂದು ನಿಂತರು. ಅರ್ಜಿಯಿಂದ ಬಿಡುಗಡೆಗೆ ಆರು ದಿನ. ಖರ್ಚಾದದ್ದು ಬಸ್ ಚಾರ್ಜ್ ಮತ್ತು ಜೆರಾಕ್ಸ್. ಅಷ್ಟರಲ್ಲಿ ಬೋಟಿನಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಿದ್ದರು, ಆ ಸೀಸನ್ ಇಡೀ ಮನೆಯಲ್ಲೇ ಕುಳಿತ.

ಹಾಗಾಗಿ "ಸಾಲವೋ, ಬ್ರೋಕರೋ" ಅನ್ನುವ ನಿಮ್ಮ ಲೆಕ್ಕವೇ ತಪ್ಪು ಅಂತ ನಾನು ಹೇಳುವುದು. ಮೊದಲನೆಯದಾಗಿ, ಶ್ಯೂರಿಟಿ ಅಂದರೆ 1 ಲಕ್ಷ ಕಟ್ಟುವುದು ಅಲ್ಲ. ನಿಮ್ಮ ತಮ್ಮ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಮಾತ್ರ ಜಾಮೀನುದಾರರಿಂದ ವಸೂಲಿ. ಇದನ್ನು ನೆಂಟರಿಗೆ ಬಿಡಿಸಿ ಹೇಳಿ, ಅರ್ಧ ಹೆದರಿಕೆ ಹೋಗುತ್ತದೆ. ಕೋರ್ಟ್ ಒಪ್ಪಿದರೆ ನಗದು ಡೆಪಾಸಿಟ್ ಇಡಬಹುದು, ಆದರೆ ಕೇಸ್ ಮುಗಿಯುವವರೆಗೆ ಹಣ ಅಲ್ಲೇ. ಬಡ್ಡಿಗೆ ತಂದು ಇಡಬೇಡಿ, ನಮ್ಮ ಕೇಸ್ ಮುಗಿಯಲು ಮೂರು ವರ್ಷ ಬೇಕಾಯಿತು.

ಬಾಂಡಿನ ಮೊತ್ತ ಅತಿಯಾಗಬಾರದು ಅಂತ ಕಾನೂನೇ ಹೇಳುತ್ತದೆ. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೆಯ ಕಾನೂನಾದ ಸಿಆರ್‌ಪಿಸಿಯಲ್ಲಿ 440ನೇ ಸೆಕ್ಷನ್, ಅದರ ಬದಲಿಗೆ 2024ರ ಜುಲೈಯಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ 484. ಮಧ್ಯಪ್ರದೇಶದ ಮೋತಿರಾಮ್ ಅನ್ನುವ ಗಾರೆ ಕೆಲಸದವನಿಗೆ 10,000 ರೂಪಾಯಿ ಜಾಮೀನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಆ ಸಹೋದರನ ಜಾಮೀನನ್ನೂ ಬೇಡ ಅಂದಿದ್ದರು. ಅದು ತಪ್ಪು ಅಂತ ಸುಪ್ರೀಂ ಕೋರ್ಟಿನ ಜಸ್ಟಿಸ್ ಕೃಷ್ಣ ಅಯ್ಯರ್ 1978ರಲ್ಲೇ ಬರೆದು, 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿದರು. ನಮ್ಮ ತಂಡೇಲರನ್ನು ನಾನು ವಾಪಸ್ ಕಳಿಸಿದ್ದು ಅದಾಗಿ ನಲವತ್ತು ವರ್ಷದ ಮೇಲೆ, ನೋಡಿ.

ನಿಮಗೆ ನನಗಿಂತ ಅನುಕೂಲ ಜಾಸ್ತಿ ಇದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಬೇಲ್ ಆಗಿ 7 ದಿನದಲ್ಲಿ ಹೊರಗೆ ಬಾರದವರ ವಿಷಯವನ್ನು ಜೈಲಿನವರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ನೋಡಬಹುದು. ಆದರೆ ನೀವು ತಿಂಗಳು ಕಾಯಬೇಡಿ. ಬಡ ಕೈದಿಗಳಿಗೆ ಅಂತ ಕೇಂದ್ರದ ಯೋಜನೆಯೊಂದಿದೆ, ವಿಚಾರಣಾಧೀನರಿಗೆ ಜಾಮೀನಿನ ಹಣಕ್ಕೆ ನೆರವು ಸಿಗುತ್ತದೆ. ಗಾಂಜಾ ಥರದ ಕೆಲವು ಕೇಸುಗಳಿಗೆ ಇಲ್ಲ. ಜೈಲಿನಲ್ಲಿರುವವನಿಗೆ ಉಚಿತ ವಕೀಲರು ಸಿಗಲು ಆದಾಯ ಲೆಕ್ಕಕ್ಕೇ ಬರುವುದಿಲ್ಲ, ಕಸ್ಟಡಿಯಲ್ಲಿದ್ದರೆ ಸಾಕು. ಕಾನೂನು ನೆರವಿನ ಫೋನ್ 15100.

ಬ್ರೋಕರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಆ ಹಣದ ಆಸೆ ಬಿಟ್ಟುಬಿಡಿ, ನನ್ನ ಬ್ರೋಕರ್ ಈಗಲೂ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ ಕಂಡರೆ ನಗುತ್ತಾನೆ. ಬೇಲ್ ಆರ್ಡರ್, ಮನೆಯ ರೇಷನ್ ಕಾರ್ಡ್, ದುಡಿಮೆಯ ಯಾವುದಾದರೂ ಕಾಗದ, ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೋಗುವುದು ಎರಡನೇ ಶನಿವಾರ ಆಗದಿರಲಿ, ಅವತ್ತು ರಜೆ.